ಕ್ಲಾಪ್ ನಂತರ ಯಾರು? ಲಿವರ್‌ಪೂಲ್ ಅಭಿಮಾನಿಗಳ 2024ರ ವಾದ: ಒಂದು ಪ್ರಕರಣ ಅಧ್ಯಯನ

2024ರ ಜನವರಿ 26, ಶುಕ್ರವಾರ. ನಮ್ಮಲ್ಲಿ ಗಣರಾಜ್ಯೋತ್ಸವದ ರಜೆ. ಅಂದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಒಂದು ವಿಡಿಯೊ ಬಿಡುಗಡೆ ಮಾಡಿತು. ಋತು ಮುಗಿಯುತ್ತಲೇ ಹೊರಡುತ್ತೇನೆ, ನನ್ನಲ್ಲಿ ಶಕ್ತಿ ತೀರುತ್ತಾ ಬಂದಿದೆ ಎಂದು ಮ್ಯಾನೇಜರ್ ಯೂರ್ಗನ್ ಕ್ಲಾಪ್ ಅದರಲ್ಲಿ ಹೇಳಿದರು. ಅವರ ಒಪ್ಪಂದ 2026ರವರೆಗೆ ಇತ್ತು. ತಂಡ ಅಂದು ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಕ್ಲಬ್ಬಿನ ಆಡಳಿತಕ್ಕೆ ಹಿಂದಿನ ನವೆಂಬರ್‌ನಲ್ಲೇ ವಿಷಯ ತಿಳಿದಿತ್ತು. ಅಭಿಮಾನಿಗಳಿಗೆ ಮಾತ್ರ ಇದು ಸಿಡಿಲು.

ಸಂಜೆಯೊಳಗೆ ವಾದ ಶುರುವಾಯಿತು. 2015ರ ಅಕ್ಟೋಬರ್‌ನಲ್ಲಿ ಬಂದ ಕ್ಲಾಪ್ 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. 2019–20ರಲ್ಲಿ 99 ಅಂಕಗಳೊಂದಿಗೆ, 30 ವರ್ಷಗಳ ಕಾಯುವಿಕೆಯ ನಂತರ ಲೀಗ್ ಪ್ರಶಸ್ತಿ ತಂದರು. ಅಂಥವರ ಕುರ್ಚಿಗೆ ಯಾರು ಎಂಬ ಪ್ರಶ್ನೆಗೆ ಮೊದಲ ದಿನ ಬಂದ ಉತ್ತರಗಳಲ್ಲಿ ಒಂದೇ ಹೆಸರು ಎದ್ದು ಕಾಣುತ್ತಿತ್ತು: ಕ್ಲಬ್ಬಿನ ಹಳೆಯ ಆಟಗಾರ, ಆಗ ಜರ್ಮನಿಯ ಬಾಯರ್ ಲೆವರ್ಕೂಸನ್ ಕೋಚ್ ಆಗಿದ್ದ ಶಾಬಿ ಅಲೊನ್ಸೊ. ಕೊನೆಗೆ ಬಂದವರು ಡಚ್ ಕ್ಲಬ್ ಫೆಯೆನೋರ್ಡ್‌ನ ಕೋಚ್ ಆರ್ನೆ ಸ್ಲಾಟ್. ಮೊದಲ ವಾರ ಅವರ ಹೆಸರು ಹೇಳಿದವರು ವಿರಳ.

ಈ ಅಂತರ ಹೇಗೆ ಹುಟ್ಟಿತು ಎಂಬುದೇ ಈ ಅಧ್ಯಯನದ ವಿಷಯ. ಅಭಿಮಾನಿಗಳು ಕೇಳಿದ ಪ್ರಶ್ನೆ “ಈಗ ಯುರೋಪಿನಲ್ಲಿ ಅತ್ಯುತ್ತಮ ಯುವ ಕೋಚ್ ಯಾರು?” ಎಂಬುದು. ಕ್ಲಬ್ ಉತ್ತರಿಸಬೇಕಾಗಿದ್ದ ಪ್ರಶ್ನೆ ಬೇರೆ: ಈ ಬೇಸಿಗೆಯಲ್ಲಿ, ಈ ಆಟಗಾರರನ್ನು ಕಟ್ಟಿಕೊಂಡು, ಈ ಆಡಳಿತ ವ್ಯವಸ್ಥೆಯೊಳಗೆ ಕೆಲಸ ಮಾಡಬಲ್ಲವರು ಯಾರು? ಇದಕ್ಕೆ ಬೇಕಾದ ಮಾಹಿತಿಯ ಬಹುಪಾಲು ಗುಟ್ಟಿನದ್ದಾಗಿರಲಿಲ್ಲ. ಕಾಗದ, ಪೆನ್ನು ಹಿಡಿದು ಕೂತವರಿಗೆ ಮಾರ್ಚ್ ಹೊತ್ತಿಗೇ ಸಿಗುತ್ತಿತ್ತು.

ಖಾಲಿ ಕಚೇರಿ

ಮೊದಲು ಕಣ್ಣಿಗೆ ಬೀಳಬೇಕಾಗಿದ್ದದ್ದು, ಜನವರಿಯಲ್ಲಿ ಆಯ್ಕೆ ಮಾಡಲು ಕ್ಲಬ್ಬಿನಲ್ಲಿ ಜನವೇ ಇರಲಿಲ್ಲ ಎಂಬುದು. ಕ್ಲಾಪ್ ಅವರೊಂದಿಗೆ ಸಹಾಯಕರಾದ ಪೆಪ್ ಲೈಂಡರ್ಸ್, ಪೀಟರ್ ಕ್ರಾವೀಟ್ಸ್, ವಿಟೋರ್ ಮಾಟೋಸ್ ಕೂಡ ಹೊರಡುವವರಿದ್ದರು. ಕ್ರೀಡಾ ನಿರ್ದೇಶಕ ಯೋರ್ಗ್ ಶ್ಮಾಡ್ಟ್‌ಕೆ ಜನವರಿ ವರ್ಗಾವಣೆ ಅವಧಿ ಮುಗಿಯುತ್ತಲೇ ಹೋಗುವುದು ಖಚಿತವಾಗಿತ್ತು. ಅವರಿಗಿಂತ ಮುಂಚಿನ ಜೂಲಿಯನ್ ವಾರ್ಡ್ 2023ರಲ್ಲೇ ಹೊರಟಿದ್ದರು.

ಹಾಗಾಗಿ ಮಾಲೀಕ ಸಂಸ್ಥೆ ಫೆನ್ವೇ ಸ್ಪೋರ್ಟ್ಸ್ ಗ್ರೂಪ್ ಮೇಲಿನಿಂದ ಕೆಳಕ್ಕೆ ಕಟ್ಟುತ್ತಾ ಬಂತು. ಮಾರ್ಚ್ 12ಕ್ಕೆ ಹಳೆಯ ಕೈ ಮೈಕಲ್ ಎಡ್ವರ್ಡ್ಸ್ ಇಡೀ ಸಮೂಹದ ಫುಟ್‌ಬಾಲ್ ಮುಖ್ಯಸ್ಥರಾಗಿ ವಾಪಸಾದರು. ಮಾರ್ಚ್ 20ಕ್ಕೆ ಬೋರ್ನ್‌ಮತ್‌ನ ರಿಚರ್ಡ್ ಹ್ಯೂಸ್ ಲಿವರ್‌ಪೂಲ್‌ನ ಕ್ರೀಡಾ ನಿರ್ದೇಶಕರೆಂದು ಪ್ರಕಟವಾಯಿತು. ಕೋಚ್ ಹುಡುಕಾಟ ನಿಜವಾಗಿ ಬಿಸಿಯೇರಿದ್ದು ಇದಾದ ಮೇಲೆ. ಫೆಬ್ರವರಿಯಿಡೀ “ಇನ್ನೂ ಯಾಕೆ ಘೋಷಿಸಿಲ್ಲ” ಎಂದು ಸಿಟ್ಟಾದವರು ಈ ಕ್ರಮವನ್ನು ಗಮನಿಸಲಿಲ್ಲ. ಕೋಚ್ ಅನ್ನು ಮೊದಲು ತಂದು, ಅವರ ಮೇಲಿನ ಅಧಿಕಾರಿಯನ್ನು ಆಮೇಲೆ ತಂದರೆ ಇಬ್ಬರಿಗೂ ಕಷ್ಟ. ಹೊಸ ನಿರ್ದೇಶಕರಿಗೆ ತಾನು ಆರಿಸದ ಕೋಚ್. ಕೋಚ್‌ಗೆ ತನ್ನನ್ನು ಆರಿಸದ ನಿರ್ದೇಶಕ. ಮೊದಲ ಐದು ಸೋಲುಗಳಲ್ಲೇ ಆ ಬಿರುಕು ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿ, ಕ್ಲಬ್ ಹುಡುಕುತ್ತಿದ್ದುದು ಮ್ಯಾನೇಜರ್ ಅನ್ನೇ ಅಲ್ಲ. ಕ್ಲಾಪ್ ಮ್ಯಾನೇಜರ್ ಆಗಿದ್ದರು. ಕೊನೆಯ ವರ್ಷಗಳಲ್ಲಿ ಆಟಗಾರರ ಖರೀದಿಯಲ್ಲೂ ಅವರ ಮಾತಿಗೆ ದೊಡ್ಡ ತೂಕವಿತ್ತು. ಹೊಸಬರ ಹುದ್ದೆಯ ಹೆಸರು ಹೆಡ್ ಕೋಚ್. ತರಬೇತಿ, ತಂಡದ ಆಯ್ಕೆ, ಪಂದ್ಯದ ಯೋಜನೆ ಅವರದು. ಖರೀದಿ, ಒಪ್ಪಂದ, ಸಂಬಳ ಹ್ಯೂಸ್ ಮೇಜಿನದು. ಈ ಗೆರೆಯನ್ನು ಒಪ್ಪದವರು ಎಷ್ಟೇ ದೊಡ್ಡ ಹೆಸರಾದರೂ ಪಟ್ಟಿಯಿಂದ ಹೊರಗೆ.

ಅಲೊನ್ಸೊ: ಪ್ರೀತಿಯ ಲೆಕ್ಕ, ಒಪ್ಪಂದದ ಲೆಕ್ಕ

ಅಲೊನ್ಸೊ ಪರ ವಾದ ಬಲವಾಗಿತ್ತು, ಅದನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವುದು ಅನ್ಯಾಯ. 2004ರಿಂದ 2009ರವರೆಗೆ ಅವರು ಲಿವರ್‌ಪೂಲ್‌ನ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಆಡಿದವರು. 2005ರಲ್ಲಿ ಇಸ್ತಾನ್‌ಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 3–3 ಸಮ ಮಾಡಿದ ಗೋಲು ಅವರದ್ದೇ. ಕೋಚ್ ಆಗಿ ಅವರ ಕೆಲಸ ಇನ್ನೂ ಬೆರಗಿನದು. 2022ರ ಅಕ್ಟೋಬರ್‌ನಲ್ಲಿ ಅವರು ಹೊಣೆ ಹೊತ್ತಾಗ ಬಾಯರ್ ಲೆವರ್ಕೂಸನ್ ಎಂಟು ಪಂದ್ಯಗಳಲ್ಲಿ ಐದು ಅಂಕ ಪಡೆದು ಜರ್ಮನ್ ಲೀಗ್ ಬುಂಡೆಸ್‌ಲಿಗಾದ ಕೊನೆಯಿಂದ ಎರಡನೆಯ ಸ್ಥಾನದಲ್ಲಿತ್ತು. ಆ ಋತುವನ್ನು ಆರನೆಯ ಸ್ಥಾನದಲ್ಲಿ ಮುಗಿಸಿದರು. ಮರುವರ್ಷ 34 ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ, ಸೋಲೇ ಇಲ್ಲ. ಕ್ಲಬ್ಬಿನ ಮೊತ್ತಮೊದಲ ಲೀಗ್ ಪ್ರಶಸ್ತಿ. ಎಲ್ಲ ಸ್ಪರ್ಧೆ ಸೇರಿ 51 ಪಂದ್ಯ ಅಜೇಯವಾಗಿದ್ದ ತಂಡ ಸೋತದ್ದು ಮೇ 22ರ ಯುರೋಪಾ ಲೀಗ್ ಫೈನಲ್‌ನಲ್ಲಿ, ಅಟಲಾಂಟಾ ಎದುರು 3–0.

ಇಷ್ಟೆಲ್ಲ ಇದ್ದೂ ಎಣಿಕೆಗೆ ಇಳಿಯದೆ ಹೋದದ್ದು ಅವರ ಕಡೆಯ ಲೆಕ್ಕ. ಅಭಿಮಾನಿ “ನಮಗೆ ಅವರು ಬೇಕೇ” ಎಂದು ಕೇಳುತ್ತಾನೆ. “ಅವರಿಗೆ ಈಗ ನಾವು ಬೇಕೇ” ಎಂದು ಕೇಳುವುದು ಅಪರೂಪ. ಅಲೊನ್ಸೊ ಮೊದಲ ದರ್ಜೆಯ ತಂಡ ನಡೆಸಲು ತೊಡಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ಅದಕ್ಕೂ ಹಿಂದಿನದು ರಿಯಲ್ ಸೊಸಿಯೆದಾದ್‌ನ ಎರಡನೇ ತಂಡದ ಅನುಭವ. ಅವರ ಒಪ್ಪಂದ 2026ರವರೆಗೆ ಇತ್ತು. ಲೆವರ್ಕೂಸನ್ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಆಡಲಿತ್ತು. ಫೆಬ್ರವರಿ 21ರಂದು ಬಯರ್ನ್ ಮ್ಯೂನಿಕ್, ಥಾಮಸ್ ಟುಕಲ್ ಋತುವಿನ ಕೊನೆಗೆ ಹೊರಡುತ್ತಾರೆ ಎಂದು ಪ್ರಕಟಿಸಿದ ಮೇಲೆ ಅಲೊನ್ಸೊ ಆಡಿದ್ದ ಎರಡು ಕ್ಲಬ್ಬುಗಳು ಒಟ್ಟಿಗೇ ಬಾಗಿಲು ತಟ್ಟುವಂತಾಯಿತು. ಮೂರನೆಯದು ರಿಯಲ್ ಮ್ಯಾಡ್ರಿಡ್. ಅಲ್ಲಿ ಕಾರ್ಲೊ ಆಂಚೆಲೊಟ್ಟಿ 2023ರ ಡಿಸೆಂಬರ್ ಕೊನೆಯಲ್ಲಿ 2026ರವರೆಗೆ ಸಹಿ ಹಾಕಿದ್ದರು. ಅಂದರೆ ಒಂದೆರಡು ವರ್ಷ ಕಾದರೆ ಆ ಕುರ್ಚಿ ತೆರವಾಗುವ ಸಾಧ್ಯತೆ ದೊಡ್ಡದು. ಇದ್ದಲ್ಲೇ ಇದ್ದರೆ ಕಳೆದುಕೊಳ್ಳುವುದೇನೂ ಇಲ್ಲದ ಮನುಷ್ಯ ಕ್ಲಾಪ್ ಬಿಟ್ಟುಹೋದ ಕುರ್ಚಿಯಲ್ಲಿ ಮರುದಿನವೇ ಕೂರಲು ಅವಸರಪಡುವ ಕಾರಣವಿರಲಿಲ್ಲ.

ಮಾರ್ಚ್ 29ರಂದು ಅವರು ಲೆವರ್ಕೂಸನ್‌ನಲ್ಲೇ ಉಳಿಯುವುದಾಗಿ ಹೇಳಿದರು. ಎರಡು ತಿಂಗಳ ವಾದ ಒಂದು ಮಧ್ಯಾಹ್ನಕ್ಕೆ ಮುಗಿಯಿತು. 2025ರ ಮೇ ತಿಂಗಳಲ್ಲಿ ಅವರು ಹೋದದ್ದು ಮ್ಯಾಡ್ರಿಡ್‌ಗೆ.

ಯಾರು ಯಾವ ಜಾಗದಲ್ಲಿ ಆಡುತ್ತಾರೆ

ಒಪ್ಪಂದ ಬಿಡಿ, ಅಲೊನ್ಸೊ ಬರಲು ಒಪ್ಪಿದ್ದರು ಎಂದೇ ಇಟ್ಟುಕೊಳ್ಳಿ. ಆಗಲೂ ಉತ್ತರಿಸಬೇಕಾದ ದೊಡ್ಡ ಪ್ರಶ್ನೆ ಒಂದಿತ್ತು. ಇಡೀ ಪ್ರಕರಣದಲ್ಲಿ ಅತ್ಯಂತ ಉಪಯುಕ್ತ ಪಾಠ ಇರುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡಬೇಕು.

ಅಲೊನ್ಸೊ ಅವರ ಲೆವರ್ಕೂಸನ್ ಆಡುತ್ತಿದ್ದುದು 3-4-2-1. ಹಿಂದೆ ಮೂವರು ಸೆಂಟರ್‌ಬ್ಯಾಕ್, ಮೈದಾನದ ಅಗಲವನ್ನು ಹಿಡಿಯಲು ಇಬ್ಬರು ವಿಂಗ್‌ಬ್ಯಾಕ್, ನಡುವೆ ಇಬ್ಬರು, ಸ್ಟ್ರೈಕರ್ ಹಿಂದೆ ಒಳಸೇರಿ ಆಡುವ ಇಬ್ಬರು. ಈ ಯಂತ್ರದ ಚಕ್ರಗಳು ವಿಂಗ್‌ಬ್ಯಾಕ್‌ಗಳು. 2023–24ರ ಬುಂಡೆಸ್‌ಲಿಗಾದಲ್ಲಿ ಎಡಗಡೆಯ ಗ್ರಿಮಾಲ್ಡೊ 10 ಗೋಲು ಹೊಡೆದು 13 ಗೋಲಿಗೆ ನೆರವಾದರು. ಬಲಗಡೆಯ ಫ್ರಿಂಪಾಂಗ್ 9 ಗೋಲು ಹೊಡೆದರು. ಇವು ರಕ್ಷಣಾ ಆಟಗಾರರ ಅಂಕಿಗಳಲ್ಲ, ವಿಂಗರ್‌ಗಳ ಅಂಕಿಗಳು.

ಈಗ 2024ರ ಬೇಸಿಗೆಯ ಲಿವರ್‌ಪೂಲ್ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಆ ಚೌಕಟ್ಟಿನಲ್ಲಿ ಕೂರಿಸಿ ನೋಡಿ. ಸೆಂಟರ್‌ಬ್ಯಾಕ್ ನಾಲ್ವರು: ಜುಲೈಗೆ 33 ತುಂಬಲಿದ್ದ ವ್ಯಾನ್ ಡೈಕ್, ಕೊನಾಟೆ, 21ರ ಕ್ವಾನ್ಸಾ, ಎಲ್ಲ ಕಡೆಗೂ ಬಳಕೆಯಾಗುತ್ತಿದ್ದ ಗೋಮೆಜ್. ಡಿಸೆಂಬರ್‌ನಲ್ಲಿ ಮಂಡಿಯ ಗಾಯಕ್ಕೆ ತುತ್ತಾದ ಮಾಟಿಪ್ ಅವರ ಒಪ್ಪಂದ ಮುಗಿಯುತ್ತಿತ್ತು. ಇಬ್ಬರ ಜಾಗಕ್ಕೆ ನಾಲ್ವರು ಸರಿ. ಮೂವರ ಜಾಗಕ್ಕೆ ಕನಿಷ್ಠ ಐವರು ಬೇಕು, ಯುರೋಪಿನ ಪಂದ್ಯಗಳೂ ಇದ್ದರೆ ಆರು. ಎಡ ವಿಂಗ್‌ಬ್ಯಾಕ್ ಜಾಗಕ್ಕೆ 30 ದಾಟಿದ ರಾಬರ್ಟ್‌ಸನ್, ಪರ್ಯಾಯವಾಗಿ ಸಿಮಿಕಾಸ್. ಗ್ರಿಮಾಲ್ಡೊ ಮಾಡುತ್ತಿದ್ದ ಕೆಲಸವನ್ನು ಇವರಿಂದ ವರ್ಷಕ್ಕೆ 50 ಪಂದ್ಯ ನಿರೀಕ್ಷಿಸಲಾಗದು. ಬಲಗಡೆ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್. ಕ್ಲಾಪ್ ಅವರನ್ನು ಗೆರೆಯಿಂದ ಒಳಕ್ಕೆ, ಮಿಡ್‌ಫೀಲ್ಡ್ ಕಡೆಗೆ ತಂದು ಆಡಿಸುತ್ತಿದ್ದರು. ಮತ್ತೆ ಗೆರೆಗೆ ಕಳಿಸಿದರೆ ಆ ಪಾಸ್‌ಗಳ ಬೆಲೆ ಅರ್ಧವಾಗುತ್ತದೆ.

ಮುಂದಿನ ಸಾಲಿನ ಸಮಸ್ಯೆ ಇನ್ನೂ ತೀವ್ರ. ಸಲಾ, ಡಿಯಾಜ್, ಗಾಕ್ಪೊ ಮೂವರೂ ಬದಿಯಿಂದ ಒಳನುಗ್ಗುವವರು. ಇಬ್ಬರು ಒಳಗಿನವರ ವ್ಯವಸ್ಥೆಯಲ್ಲಿ ಇವರು ಸೊಬೊಸ್ಲಾಯ್, ಮ್ಯಾಕ್ ಆಲಿಸ್ಟರ್ ಅವರೊಂದಿಗೇ ಜಾಗಕ್ಕೆ ಸ್ಪರ್ಧಿಸಬೇಕು. ಹಿಂದಿನ ಬೇಸಿಗೆಯಲ್ಲಷ್ಟೇ ಸೊಬೊಸ್ಲಾಯ್, ಮ್ಯಾಕ್ ಆಲಿಸ್ಟರ್, ಗ್ರಾವೆನ್‌ಬರ್ಕ್, ಎಂಡೊ ಎಂಬ ನಾಲ್ವರನ್ನು ಮೂವರ ಮಿಡ್‌ಫೀಲ್ಡ್‌ಗೆಂದೇ ಖರೀದಿಸಲಾಗಿತ್ತು.

ಒಟ್ಟು ಕೂಡಿಸಿದರೆ, ಕ್ಲಾಪ್ ಆಡಿಸುತ್ತಿದ್ದ 4-3-3ರಿಂದ (ನಾಲ್ವರು ರಕ್ಷಕರು, ಮೂವರು ಮಿಡ್‌ಫೀಲ್ಡರ್, ಮುಂದೆ ಮೂವರು) 3-4-2-1ಕ್ಕೆ ಹೋದರೆ ಹನ್ನೊಂದರಲ್ಲಿ ಗೋಲ್‌ಕೀಪರ್, ಇಬ್ಬರು ಸೆಂಟರ್‌ಬ್ಯಾಕ್, ಇಬ್ಬರು ಮಿಡ್‌ಫೀಲ್ಡರ್, ಸ್ಟ್ರೈಕರ್ ಸೇರಿ ಆರು ಮಂದಿ ಮಾತ್ರ ಹಳೆಯ ಕೆಲಸದಲ್ಲೇ ಉಳಿಯುತ್ತಾರೆ. ಉಳಿದ ಐದು ಜಾಗಗಳಲ್ಲಿ ಕೆಲಸ ಬದಲು ಅಥವಾ ಆಳು ಬದಲು. ಎರಡು ಸೆಂಟರ್‌ಬ್ಯಾಕ್, ಒಬ್ಬ ಎಡ ವಿಂಗ್‌ಬ್ಯಾಕ್ ಕೊಳ್ಳುವುದು ತೀರಾ ಕನಿಷ್ಠ. ಪ್ರೀಮಿಯರ್ ಲೀಗ್ ಬೆಲೆಯಲ್ಲಿ ಅದು ಕೋಚ್ ಬಿಡುಗಡೆಗೆ ಕೊಡುವ ಮೊತ್ತದ ಹತ್ತು ಪಟ್ಟು ದಾಟುತ್ತದೆ. ಕೋಚ್ ಒಬ್ಬರ ಬೆಲೆ ಎಂದರೆ ಬಿಡುಗಡೆ ಶುಲ್ಕವಷ್ಟೇ ಅಲ್ಲ. ಅವರ ಜೊತೆ ಬರುವ ಖರೀದಿ ಪಟ್ಟಿಯನ್ನೂ ಅದಕ್ಕೆ ಸೇರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯ.

ಇದಕ್ಕೆ ಅಲೊನ್ಸೊ ಪರದವರಲ್ಲಿ ಒಳ್ಳೆಯ ಉತ್ತರವೂ ಇತ್ತು: ನಿಜವಾದ ಕೋಚ್ ವ್ಯವಸ್ಥೆಗೆ ಜೋತುಬೀಳುವುದಿಲ್ಲ, ಇರುವವರಿಗೆ ತಕ್ಕಂತೆ ಬದಲಾಯಿಸುತ್ತಾನೆ. ಮುಂದೆ ಮ್ಯಾಡ್ರಿಡ್‌ನಲ್ಲಿ ಅಲೊನ್ಸೊ ನಾಲ್ವರ ರಕ್ಷಣೆಯನ್ನು ಆಡಿಸಿದ್ದನ್ನು ನೋಡಿದರೆ ಆ ಮಾತು ಸುಳ್ಳಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಅದಕ್ಕೆ ಆಧಾರ ತೀರಾ ಕಡಿಮೆ. ಆಧಾರ ಇಲ್ಲದ ಕಡೆ ನಂಬಿಕೆ ಇಟ್ಟು ವಾದಿಸುವವರು ಅದನ್ನು ನಂಬಿಕೆ ಎಂದೇ ಹೇಳಬೇಕು.

ಅಮೊರಿಮ್ ಮತ್ತು ಉಳಿದವರು

ಅಲೊನ್ಸೊ ಬಾಗಿಲು ಮುಚ್ಚಿದ ದಿನವೇ ವಾದ ಸ್ಪೋರ್ಟಿಂಗ್ ಲಿಸ್ಬನ್‌ನ ರುಬೆನ್ ಅಮೊರಿಮ್ ಕಡೆ ಹೊರಳಿತು. 2020ರ ಮಾರ್ಚ್‌ನಲ್ಲಿ ಸ್ಪೋರ್ಟಿಂಗ್ ಅವರನ್ನು ಬ್ರಾಗಾದಿಂದ 1 ಕೋಟಿ ಯೂರೊ ಕೊಟ್ಟು ತಂದಾಗ ಜನ ಹುಬ್ಬೇರಿಸಿದ್ದರು. ಮರುವರ್ಷವೇ 19 ವರ್ಷಗಳ ನಂತರದ ಲೀಗ್ ಪ್ರಶಸ್ತಿ ಬಂತು. 2023–24ರಲ್ಲಿ ಎರಡನೆಯದು. ಮಾತುಗಾರ, ಎದುರಿನವರನ್ನು ಗೆಲ್ಲುವ ಸ್ವಭಾವ. ಆ ಅರ್ಥದಲ್ಲಿ ಕ್ಲಾಪ್ ಅವರಿಗೆ ಹತ್ತಿರ. ಹಾಗಾಗಿ ಅಭಿಮಾನಿಗಳು ಬೇಗ ಒಪ್ಪಿಕೊಂಡರು.

ಆದರೆ ಅಮೊರಿಮ್ ಕೂಡ ಮೂವರ ರಕ್ಷಣೆಯವರೇ, ಅದೂ ಅಲೊನ್ಸೊ ಅವರಿಗಿಂತ ಗಟ್ಟಿ ಹಿಡಿದವರು. ಮೇಲೆ ಮಾಡಿದ ಲೆಕ್ಕವೆಲ್ಲ ಇಲ್ಲಿಗೂ ಅನ್ವಯಿಸುತ್ತದೆ. ಅಲೊನ್ಸೊ ಬೇಡವೆಂದಾಗ ಅಮೊರಿಮ್ ಎಂದವರು ಹೆಸರು ಬದಲಿಸಿದರು, ಪ್ರಶ್ನೆಯನ್ನು ಬದಲಿಸಲಿಲ್ಲ. ಏಪ್ರಿಲ್ ಕೊನೆಯ ವಾರ ಅಮೊರಿಮ್ ವೆಸ್ಟ್ ಹ್ಯಾಮ್ ಜೊತೆ ಮಾತಾಡಲು ಲಂಡನ್ನಿಗೆ ಹೋಗಿ ಬಂದು, ಪ್ರಶಸ್ತಿ ಕೈಗೆ ಸಿಗುವ ಹೊತ್ತಿನಲ್ಲಿ ಹಾಗೆ ಮಾಡಿದ್ದು ತಪ್ಪಾಯಿತೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಲಿವರ್‌ಪೂಲ್ ಬೇರೆ ದಾರಿಯಲ್ಲಿತ್ತು.

ಉಳಿದ ಹೆಸರುಗಳನ್ನು ಬೇಗ ಮುಗಿಸಬಹುದು. ಯೂಲಿಯಾನ್ ನಾಗೆಲ್ಸ್‌ಮನ್ ಏಪ್ರಿಲ್ 19ರಂದು ಜರ್ಮನಿ ರಾಷ್ಟ್ರೀಯ ತಂಡದೊಂದಿಗೆ 2026ರವರೆಗೆ ಒಪ್ಪಂದ ವಿಸ್ತರಿಸಿದರು. ಬ್ರೈಟನ್ ತಂಡವನ್ನು 2022–23ರಲ್ಲಿ ಆರನೆಯ ಸ್ಥಾನಕ್ಕೆ, ಮೊದಲ ಸಲ ಯುರೋಪಿನ ಸ್ಪರ್ಧೆಗೆ ಒಯ್ದ ಡೆ ಝೆರ್ಬಿ ಮರುವರ್ಷ 11ನೆಯ ಸ್ಥಾನಕ್ಕೆ ಕುಸಿದಿದ್ದರು. ಕ್ಲಬ್ಬಿನ ಮಾಜಿ ನಾಯಕ ಸ್ಟೀವನ್ ಜೆರಾರ್ಡ್ ಹೆಸರು ಪ್ರೀತಿಯಿಂದ ಬಂದದ್ದು, ವಾದವಾಗಿ ನಿಲ್ಲಲಿಲ್ಲ. ಮನೆಯವರೇ, ಅಂದರೆ ಹಳೆಯ ಆಟಗಾರರೇ ಬರಲಿ ಎಂಬ ಆಸೆಯ ಫಲ ಈ ಕ್ಲಬ್ಬಿಗೆ ಹಳೆಯದು: ಗ್ರೇಮ್ ಸೂನೆಸ್ 1991ರಲ್ಲಿ ಬಂದು ಎರಡು ಸಲ ಆರನೆಯ ಸ್ಥಾನ ಪಡೆದು 1994ರ ಜನವರಿಯಲ್ಲಿ ಹೋದರು. ಕೆನ್ನಿ ಡಾಲ್ಗ್ಲಿಶ್ 2011ರಲ್ಲಿ ಮರಳಿ ಬಂದಾಗ ಇಡೀ ಆ್ಯನ್‌ಫೀಲ್ಡ್ ಕಣ್ಣೀರಿಟ್ಟಿತ್ತು. 2012ರಲ್ಲಿ ಲೀಗ್ ಕಪ್ ಗೆದ್ದರೂ ಎಂಟನೆಯ ಸ್ಥಾನಕ್ಕಾಗಿ ಅವರನ್ನು ಕಳಿಸಬೇಕಾಯಿತು. ಅದೇ ಡಾಲ್ಗ್ಲಿಶ್ 1985ರಲ್ಲಿ ಆಟಗಾರನಾಗಿರುವಾಗಲೇ ಹೊಣೆ ಹೊತ್ತು ಮೊದಲ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದವರು. ಮನೆಯವರಾಗಿರುವುದು ಗೆಲುವಿಗೂ ಕಾರಣವಲ್ಲ, ಸೋಲಿಗೂ ಕಾರಣವಲ್ಲ. ಅದನ್ನು ಲೆಕ್ಕದ ಹೊರಗಿಡುವುದೇ ವಾಸಿ.

ಸ್ಲಾಟ್: ಆಕ್ಷೇಪಗಳು ಮತ್ತು ದಾಖಲೆ

ಏಪ್ರಿಲ್ ಕೊನೆಯ ವಾರ ಫೆಯೆನೋರ್ಡ್‌ನ ಆರ್ನೆ ಸ್ಲಾಟ್ ಹೆಸರು ಹೊರಬಿದ್ದಾಗ ಲಿವರ್‌ಪೂಲ್ ಅಭಿಮಾನಿಗಳ ಮನಸ್ಸು ಆಗಲೇ ಹುಣ್ಣಾಗಿತ್ತು. ಮಾರ್ಚ್ 17ಕ್ಕೆ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 4–3 ಸೋಲು, ಏಪ್ರಿಲ್ 11ಕ್ಕೆ ಸ್ವಂತ ನೆಲದಲ್ಲಿ ಅಟಲಾಂಟಾ ಎದುರು 3–0, 14ಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಎದುರು 1–0, 24ಕ್ಕೆ ಎವರ್ಟನ್ ಎದುರು 2–0. ಲೀಗ್ ಪ್ರಶಸ್ತಿ ಕೈಜಾರಿದ ಅದೇ ವಾರ ಪರಿಚಯವಿಲ್ಲದ ಹೆಸರು ಬಂದರೆ ಯಾರಿಗಾದರೂ ಅದು ಎರಡನೇ ದರ್ಜೆಯ ಆಯ್ಕೆಯಂತೆ ಕಾಣುತ್ತದೆ.

ಆಕ್ಷೇಪಗಳು ಮೂರು. ಮೊದಲನೆಯದು ಡಚ್ ಲೀಗ್ ದುರ್ಬಲ ಎಂಬುದು. ಫ್ರಾಂಕ್ ಡಿ ಬೋರ್ 2017ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ಗೆ ಬಂದು ನಾಲ್ಕು ಲೀಗ್ ಪಂದ್ಯಗಳನ್ನೂ ಒಂದು ಗೋಲಿಲ್ಲದೆ ಸೋತು 77 ದಿನಕ್ಕೆ ಮನೆಗೆ ಹೋದದ್ದು, ಎರಿಕ್ ಟೆನ್ ಹಾಗ್ ಅವರ ಯುನೈಟೆಡ್ 2023–24ರ ಋತುವಿನಲ್ಲಿ ಎಂಟನೆಯ ಸ್ಥಾನಕ್ಕೆ ಇಳಿದದ್ದು ಇದಕ್ಕೆ ಸಾಕ್ಷಿ. ಲೀಗಿನ ಮಟ್ಟ ಬೇರೆ ಎಂಬುದು ನಿಜ. ಆ ಕಾರಣಕ್ಕೇ ಗೆಲುವಿನ ಶೇಕಡಾವಾರು ಹೋಲಿಕೆ ಯಾವ ಕೋಚ್‌ಗೂ ಹೊಂದುವುದಿಲ್ಲ. ಅದರ ಬದಲು ಕೈಲಿದ್ದ ಸಂಪನ್ಮೂಲಕ್ಕೆ ಎದುರಾಗಿ ಸಾಧನೆಯನ್ನು ಇಟ್ಟು ನೋಡಬೇಕು.

ಹಾಗೆ ನೋಡಿದರೆ ಸ್ಲಾಟ್ ದಾಖಲೆ ಬೇರೆಯೇ ಕಥೆ ಹೇಳುತ್ತದೆ. 2019–20ರಲ್ಲಿ ಕೋವಿಡ್‌ನಿಂದ ಲೀಗ್ ನಿಂತಾಗ ಅವರ ಎಝಡ್ ಆಲ್ಕ್‌ಮಾರ್ ಸಿರಿವಂತ ಆಯಾಕ್ಸ್ ಜೊತೆ 56 ಅಂಕಗಳಲ್ಲಿ ಸಮಸಮ ಇತ್ತು. ಗೋಲು ವ್ಯತ್ಯಾಸವಷ್ಟೇ ಹಿಂದಿಟ್ಟಿತು. 2021ರಲ್ಲಿ ಫೆಯೆನೋರ್ಡ್‌ಗೆ ಬಂದು ಮೊದಲ ವರ್ಷವೇ ಯುರೋಪಿನ ಮೂರನೇ ಹಂತದ ಸ್ಪರ್ಧೆ ಕಾನ್ಫರೆನ್ಸ್ ಲೀಗ್‌ನ ಫೈನಲ್ ತಲುಪಿದರು. 2022ರ ಬೇಸಿಗೆಯಲ್ಲಿ ತಂಡ ಚೆಲ್ಲಾಪಿಲ್ಲಿಯಾಯಿತು: ಮಲಾಸಿಯಾ ಯುನೈಟೆಡ್‌ಗೆ, ಸಿನಿಸ್ಟೆರಾ ಲೀಡ್ಸ್‌ಗೆ, ಔರ್ಸ್‌ನೆಸ್ ಬೆನ್ಫಿಕಾಗೆ, ಸೆನೆಸಿ ಬೋರ್ನ್‌ಮತ್‌ಗೆ. ಮರುವರ್ಷ, 2022–23ರಲ್ಲಿ, ಅದೇ ಫೆಯೆನೋರ್ಡ್ 82 ಅಂಕಗಳೊಂದಿಗೆ ಚಾಂಪಿಯನ್. ನಮ್ಮ ಲೆಕ್ಕದಲ್ಲಿ ಇಡೀ ಕಡತದ ಅತ್ಯಂತ ಭಾರದ ಸಾಲು ಇದು. ಆಟಗಾರರನ್ನು ತಾನು ಆರಿಸದೆ, ಮಾರಿದವರ ಜಾಗಕ್ಕೆ ಕೊಟ್ಟವರನ್ನು ಹಿಡಿದು ಹಿಂದಿಗಿಂತ ಮೇಲಕ್ಕೆ ಒಯ್ಯುವುದೇ ಹೆಡ್ ಕೋಚ್ ಕೆಲಸದ ವಿವರಣೆ. ಇನ್ನೊಂದು ಕೊಂಡಿ: ಸೆನೆಸಿಯನ್ನು ಬೋರ್ನ್‌ಮತ್‌ಗೆ ಕೊಂಡಾಗ ಅಲ್ಲಿದ್ದ ನಿರ್ದೇಶಕ ರಿಚರ್ಡ್ ಹ್ಯೂಸ್. ಸ್ಲಾಟ್ ಕೈಯಲ್ಲಿ ಆಟಗಾರರು ಹೇಗೆ ಬೆಳೆಯುತ್ತಾರೆ ಎಂಬುದು ಅವರಿಗೆ ಹೊಸ ವಿಷಯವಲ್ಲ.

ಎರಡನೆಯ ಆಕ್ಷೇಪ, ಇವರು ಟಾಟನ್‌ಹ್ಯಾಮ್ ಬಿಟ್ಟ ಸರಕು ಎಂಬುದು. ಇದು ಸತ್ಯವೇ ಅಲ್ಲ. 2023ರ ಮೇ ತಿಂಗಳಲ್ಲಿ ಆ ಕ್ಲಬ್ ಆಸಕ್ತಿ ತೋರಿದಾಗ ಫೆಯೆನೋರ್ಡ್‌ನಲ್ಲೇ ಉಳಿಯುತ್ತೇನೆಂದು ಹೇಳಿದವರು ಸ್ಲಾಟ್.

ಮೂರನೆಯ ಆಕ್ಷೇಪಕ್ಕೆ ಮಾತ್ರ ಗಟ್ಟಿ ನೆಲೆಯಿತ್ತು: ಯುರೋಪಿನಲ್ಲಿ ಅವರು ಪ್ರಶಸ್ತಿ ಗೆದ್ದಿರಲಿಲ್ಲ. 2022ರ ಫೈನಲ್, 2023ರ ಯುರೋಪಾ ಕ್ವಾರ್ಟರ್ ಫೈನಲ್, 2024ರ ಯುರೋಪಾ ಪ್ಲೇ-ಆಫ್ ಮೂರರಲ್ಲೂ ಅವರನ್ನು ಹೊರಗೆ ಕಳಿಸಿದ್ದು ಒಂದೇ ತಂಡ, ರೋಮಾ. ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಮೂರನೆಯ ಸ್ಥಾನ. ಸ್ಲಾಟ್ ಪರ ವಾದಿಸುವವರು ಇದನ್ನು ಮುಚ್ಚಿಡಬಾರದಿತ್ತು.

ಆಟಗಾರರ ಹೊಂದಾಣಿಕೆಗೆ ಬಂದರೆ, ಫೆಯೆನೋರ್ಡ್ ಆಡುತ್ತಿದ್ದುದು ನಾಲ್ವರ ರಕ್ಷಣೆಯ 4-3-3 ಹಾಗೂ 4-2-3-1. ಎತ್ತರದಲ್ಲಿ ಒತ್ತಡ ಹೇರುವ ಆಟ, ಅಗಲ ಹಿಡಿಯುವ ವಿಂಗರ್‌ಗಳು. ಕ್ಲಾಪ್ ತಂಡದ ಹನ್ನೊಂದೂ ಮಂದಿ ತಮ್ಮ ಕೆಲಸದಲ್ಲೇ ಉಳಿಯುತ್ತಾರೆ. ಬದಲಾಗುವುದು ವೇಗ: ಚೆಂಡನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದು, ಎದುರಾಳಿ ಹೊರಬಂದ ಮೇಲೆ ಸೀಳುವುದು. ಆಟಗಾರರ ದೇಹಸ್ಥಿತಿಯ ನಿರ್ವಹಣೆಯೂ ಅವರ ಪರವಾಗಿತ್ತು ಎಂದು ವರದಿಗಳು ಹೇಳಿದವು. ಫೆಬ್ರವರಿ 25ರ ಲೀಗ್ ಕಪ್ ಫೈನಲ್‌ನಲ್ಲಿ ಸಲಾ, ನೂನ್ಯೆಸ್, ಸೊಬೊಸ್ಲಾಯ್, ಅಲಿಸನ್, ಟ್ರೆಂಟ್, ಜೋಟಾ ಯಾರೂ ಇಲ್ಲದೆ, ಡ್ಯಾನ್ಸ್, ಮಕ್‌ಕಾನೆಲ್, ಕ್ಲಾರ್ಕ್ ಎಂಬ ಹುಡುಗರನ್ನು ಇಳಿಸಿ ಚೆಲ್ಸಿಯನ್ನು ಸೋಲಿಸಿದ್ದು ಅದ್ಭುತ ಸಂಜೆ. ಅಂಥ ಗಾಯದ ಪಟ್ಟಿ ಮತ್ತೊಂದು ವರ್ಷ ಬೇಡ ಎಂಬುದು ಕಚೇರಿಯ ಎಚ್ಚರಿಕೆ.

ಫೆಯೆನೋರ್ಡ್‌ಗೆ ಕೊಟ್ಟ ಪರಿಹಾರ ಹೆಚ್ಚುವರಿ ಷರತ್ತುಗಳೂ ಸೇರಿ ಸುಮಾರು 94 ಲಕ್ಷ ಪೌಂಡ್ ಎಂದು ವರದಿಯಾಯಿತು. ಮೇ 20ರಂದು, ಕ್ಲಾಪ್ ವಿದಾಯ ಪಂದ್ಯದ ಮರುದಿನ, ಅಧಿಕೃತ ಘೋಷಣೆ. ಅದೂ ಕೆಲಸದ ಪರವಾನಗಿಗೆ ಒಳಪಟ್ಟು, ಏಕೆಂದರೆ ಬ್ರೆಕ್ಸಿಟ್ ನಂತರ ಯುರೋಪಿನ ಕೋಚ್‌ಗೂ ಅದು ಬೇಕು. ಸಹಾಯಕ ಸಿಪ್ಕೆ ಹುಲ್‌ಶಾಫ್, ದೇಹಸ್ಥಿತಿ ತರಬೇತುದಾರ ರುಬೆನ್ ಪೀಟರ್ಸ್ ಜೊತೆಗೆ ಬಂದರು. ಕೋಚ್ ಒಬ್ಬರು ಬರುವುದೆಂದರೆ ಮೂರು ನಾಲ್ಕು ಜನ ಬರುವುದು. ಆ ಒಪ್ಪಂದಗಳನ್ನೂ ಬಿಡಿಸಿಕೊಳ್ಳಬೇಕು. ವಾದಗಳಲ್ಲಿ ಈ ಸಾಲು ಯಾವಾಗಲೂ ಬಿಟ್ಟುಹೋಗುತ್ತದೆ.

ಅಭಿಮಾನಿಯ ಕೈಯಲ್ಲಿ ಎಷ್ಟು ಬಲ

ಕೋಚ್ ಆಯ್ಕೆಯಲ್ಲಿ ಅಭಿಮಾನಿಗಳಿಗೆ ಮತವಿಲ್ಲ. ಆದರೂ ಅವರ ವಾದ ವ್ಯರ್ಥವಲ್ಲ, ಅದರ ಬಲ ಒಂದೇ ದಿಕ್ಕಿನದು. 2021ರ ಜೂನ್‌ನಲ್ಲಿ ಜೆನ್ನಾರೊ ಗಟ್ಟೂಸೊ ಬೇಡವೆಂದು ಟಾಟನ್‌ಹ್ಯಾಮ್ ಅಭಿಮಾನಿಗಳು ಒಂದೇ ದನಿಯಲ್ಲಿ ಕೂಗಿದ ಮೇಲೆ ಮಾತುಕತೆ ನಿಂತಿತು. 2024ರ ವಸಂತದಲ್ಲಿ ಮಿಲಾನ್ ಅಭಿಮಾನಿಗಳ ವಿರೋಧ ಎದ್ದ ಮೇಲೆ ಹುಲೆನ್ ಲೊಪೆಟೆಗಿ ಅಲ್ಲಿಗೆ ಹೋಗಲಿಲ್ಲ. “ಬೇಡ” ಎಂಬುದು ಕ್ಲಬ್ಬಿನ ಕಿವಿಗೆ ಬೀಳುತ್ತದೆ. “ಇವರೇ ಬೇಕು” ಎಂಬುದು ಬೀಳುವುದು ಕಡಿಮೆ, ಏಕೆಂದರೆ ಬೇಕಾದವರ ಒಪ್ಪಿಗೆ ಅಭಿಮಾನಿಯ ಕೈಲಿಲ್ಲ. ಲಿವರ್‌ಪೂಲ್‌ನಲ್ಲಿ ಸ್ಲಾಟ್ ಬಗ್ಗೆ ಅನುಮಾನವಿತ್ತು, ವಿರೋಧ ಇರಲಿಲ್ಲ. ಅದಕ್ಕೆ ದೊಡ್ಡ ಕಾರಣ ಸ್ವತಃ ಕ್ಲಾಪ್. ಮೇ 19ರಂದು ವುಲ್ವ್ಸ್ ಎದುರಿನ ಕೊನೆಯ ಪಂದ್ಯದ ನಂತರ ಮೈದಾನದ ನಡುವೆ ನಿಂತು ಸ್ಲಾಟ್ ಹೆಸರನ್ನು ಹಾಡಿ, ಕಾಪ್ ಸ್ಟ್ಯಾಂಡ್‌ನಿಂದಲೂ ಹಾಡಿಸಿದರು. ಹೊಸಬರಿಗೆ ಸಿಕ್ಕ ಮೊದಲ ಆರು ತಿಂಗಳ ತಾಳ್ಮೆಯ ಬೀಜ ಅಲ್ಲಿದೆ. 2013ರಲ್ಲಿ ಯುನೈಟೆಡ್ ಬಿಟ್ಟುಹೋದ ಮ್ಯಾನೇಜರ್ ಫರ್ಗುಸನ್ ಕೂಡ ತಮ್ಮ ಜಾಗಕ್ಕೆ ಬಂದ ಡೇವಿಡ್ ಮೋಯ್ಸ್ ಪರ ಹೀಗೇ ಕೇಳಿಕೊಂಡಿದ್ದರು. ಆದರೆ ಅಂದು ಯುನೈಟೆಡ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಅದೇ ಬೇಸಿಗೆಯಲ್ಲಿ ಹೊರಟಿದ್ದರು. ಆರು ವರ್ಷದ ಒಪ್ಪಂದ ಹತ್ತು ತಿಂಗಳಿಗೆ ಮುಗಿಯಿತು. ಕೋಚ್‌ಗಿಂತ ಮೊದಲು ಕಚೇರಿ ತುಂಬಿಸಿಕೊಳ್ಳುವುದರ ಮಹತ್ವ ಇದು.

ಮುಂದೆ ಏನಾಯಿತು, ಅದು ಏನನ್ನು ತೋರಿಸುತ್ತದೆ

2024–25ರಲ್ಲಿ ಲಿವರ್‌ಪೂಲ್ ನಾಲ್ಕು ಪಂದ್ಯ ಬಾಕಿ ಇರುವಂತೆಯೇ, ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ತಂಡವನ್ನು 5–1ರಿಂದ ಸೋಲಿಸಿ 20ನೆಯ ಲೀಗ್ ಪ್ರಶಸ್ತಿ ಗೆದ್ದಿತು. ಆ ಋತುವಿಗೆಂದು ಕೊಂಡ, ಗೋಲ್‌ಕೀಪರ್ ಅಲ್ಲದ ಹೊಸ ಆಟಗಾರ ಒಬ್ಬರೇ, ಕಿಯೆಸಾ. ಅವರೂ ಆಡಿದ್ದು ತೀರಾ ಕಡಿಮೆ. ರಿಯಲ್ ಸೊಸಿಯೆದಾದ್‌ನ ಸುಬಿಮೆಂಡಿ ಬರಲು ಒಪ್ಪದಾಗ ಸ್ಲಾಟ್ ಗ್ರಾವೆನ್‌ಬರ್ಕ್ ಅವರನ್ನು ರಕ್ಷಣೆಯ ಮುಂದಿನ ಜಾಗಕ್ಕೆ ಇಳಿಸಿದರು. ಅವರು ಲೀಗಿನ ವರ್ಷದ ಯುವ ಆಟಗಾರ ಎನಿಸಿಕೊಂಡರು. ಸಲಾ 29 ಗೋಲು, 18 ನೆರವು. ಮೊದಲ ಪಂದ್ಯದಲ್ಲೇ, ಇಪ್ಸ್‌ವಿಚ್ ನೆಲದಲ್ಲಿ, ಚೆಂಡಿನ ಕಾದಾಟಗಳಲ್ಲಿ ಸೋಲುತ್ತಿದ್ದೇವೆ ಎಂದು ವಿರಾಮಕ್ಕೇ ಕ್ವಾನ್ಸಾ ಬದಲು ಕೊನಾಟೆಯನ್ನು ಇಳಿಸಿದರು. ಮುಲಾಜಿಲ್ಲದ, ಸಣ್ಣ, ನಿಖರ ತಿದ್ದುಪಡಿಗಳು.

ಪಕ್ಕದ ಮ್ಯಾಂಚೆಸ್ಟರ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 2024ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದ ಅಮೊರಿಮ್, ನಾಲ್ವರ ರಕ್ಷಣೆಗೆಂದು ಕೊಂಡ ತಂಡದ ಮೇಲೆ ಋತುವಿನ ನಡುವೆಯೇ 3-4-2-1 ಹೊದಿಸಿದರು. ಲೀಗಿನಲ್ಲಿ 27 ಪಂದ್ಯ, 27 ಅಂಕ, ತಂಡಕ್ಕೆ 15ನೆಯ ಸ್ಥಾನ. ಯುನೈಟೆಡ್‌ನ ಕಾಯಿಲೆ ಅವರಿಗಿಂತ ಹಳೆಯದು, ಅದನ್ನೆಲ್ಲ ಅವರ ತಲೆಗೆ ಕಟ್ಟುವುದು ಸರಿಯಲ್ಲ. ಜೂನ್‌ನಲ್ಲಿ, ಪೂರ್ವಸಿದ್ಧತೆಯ ವಾರಗಳೊಂದಿಗೆ, ಒಳ್ಳೆಯ ತಂಡಕ್ಕೆ ಬಂದಿದ್ದರೆ ಅವರಿಗೂ ಬೇರೆ ಫಲ ಸಿಗುತ್ತಿತ್ತೇನೋ. ಆದರೂ ವಿಂಗ್‌ಬ್ಯಾಕ್ ಇಲ್ಲದ ತಂಡಕ್ಕೆ ವಿಂಗ್‌ಬ್ಯಾಕ್ ಆಟ ಹೇರಿದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನೋಡುವ ಅವಕಾಶ ಅಪರೂಪ. ಜನವರಿ ವರ್ಗಾವಣೆ ಅವಧಿಯಲ್ಲಿ ಅವರು ಲೆಚ್ಚೆಯಿಂದ ತಂದ ಆಟಗಾರ ಡೋರ್ಗು, ಎಡ ವಿಂಗ್‌ಬ್ಯಾಕ್.

ಒಂದು ಪ್ರಶಸ್ತಿಯಿಂದ ಆಯ್ಕೆ ಶಾಶ್ವತವಾಗಿ ಸರಿಯಾಗುವುದಿಲ್ಲ. 2025ರ ಬೇಸಿಗೆಯಲ್ಲಿ ತಂಡದ ಚಿತ್ರವೇ ಬದಲಾಯಿತು. ಟ್ರೆಂಟ್ ಮ್ಯಾಡ್ರಿಡ್‌ಗೆ, ಡಿಯಾಜ್ ಬಯರ್ನ್‌ಗೆ, ನೂನ್ಯೆಸ್ ಸೌದಿಗೆ, ಕ್ವಾನ್ಸಾ ಲೆವರ್ಕೂಸನ್‌ಗೆ ಹೋದರು. ಜುಲೈ 3ರಂದು ಡಿಯೊಗೊ ಜೋಟಾ ರಸ್ತೆ ಅಪಘಾತದಲ್ಲಿ ತೀರಿಹೋದರು. ಆ ದುಃಖದ ಭಾರವನ್ನು ಯಾವ ಕೋಷ್ಟಕದಲ್ಲೂ ಬರೆಯಲಾಗದು. ವಿರ್ಟ್ಸ್, ಫ್ರಿಂಪಾಂಗ್, ಕೆರ್ಕೆಜ್, ಎಕಿಟಿಕೆ, ಇಸಾಕ್ ಬಂದರು. ನವೆಂಬರ್ 26ರಂದು ಆ್ಯನ್‌ಫೀಲ್ಡ್‌ನಲ್ಲೇ ಡಚ್ ಕ್ಲಬ್ ಪಿಎಸ್‌ವಿ 4–1ರಿಂದ ಗೆದ್ದಾಗ ಅದು ಲಿವರ್‌ಪೂಲ್‌ಗೆ 12 ಪಂದ್ಯಗಳಲ್ಲಿ ಒಂಬತ್ತನೆಯ ಸೋಲು. ಅಂದು ರಾತ್ರಿಯೇ “ಮುಂದೆ ಯಾರು” ಎಂಬ ವಾದ ಮತ್ತೆ ಹೊತ್ತಿಕೊಂಡಿತು, ಅಲೊನ್ಸೊ ಹೆಸರಿನೊಂದಿಗೇ.

ಆ ಸಲ ಲೆಕ್ಕ ಹೊಸದಾಗಿ ಹಾಕಬೇಕಿತ್ತು. 2024ರಲ್ಲಿ ಲಿವರ್‌ಪೂಲ್ ಬಳಿ ಇಲ್ಲದಿದ್ದ ಬಲ ವಿಂಗ್‌ಬ್ಯಾಕ್ 2025ರಲ್ಲಿ ಇದ್ದರು, ಅದೂ ಅಲೊನ್ಸೊ ಕೈಯಲ್ಲೇ ಪಳಗಿದ ಫ್ರಿಂಪಾಂಗ್. ಸ್ಟ್ರೈಕರ್ ಹಿಂದೆ ಒಳಸೇರಿ ಆಡುವ ಜಾಗಕ್ಕೆ ಅದೇ ಲೆವರ್ಕೂಸನ್‌ನಿಂದ ಬಂದ ವಿರ್ಟ್ಸ್ ಇದ್ದರು. ಎಡಗಡೆ ಓಡಬಲ್ಲ ಕೆರ್ಕೆಜ್ ಇದ್ದರು. ಸೆಂಟರ್‌ಬ್ಯಾಕ್ ಸಂಖ್ಯೆ ಮಾತ್ರ 2024ರಂತೆಯೇ ಕಡಿಮೆಯಿತ್ತು, ವ್ಯಾನ್ ಡೈಕ್ ಅವರಿಗೆ ಒಂದು ವರ್ಷ ಹೆಚ್ಚು. ಮೂವರ ರಕ್ಷಣೆಯ ಕೋಚ್ ಬೇಕೆನ್ನುವವರು ಮೊದಲು ಆ ಸಾಲಿನಲ್ಲಿ ಐದು ಹೆಸರು ಬರೆದು ತೋರಿಸಬೇಕಿತ್ತು.